ಕಡಲಿಗೂ ಒಂದು ಪಂಚಾಂಗ

ಆಷಾಢ ಬಂತೆಂದರೆ ಬೆಂಗಳೂರಿನ ಮದುವೆ ಮಂಟಪಗಳು ಖಾಲಿ, ಮೈದಾನಗಳು ಭರ್ತಿ. ಜಯನಗರ, ಬನಶಂಕರಿಯ ಬಯಲುಗಳಲ್ಲಿ ಮಕ್ಕಳು ಗಾಳಿಪಟ ಹಿಡಿದು ಓಡುತ್ತಾರೆ. ಅದೇ ದಿನಗಳಲ್ಲಿ ಬಿ.ಟಿ.ಎಂ. ಬಡಾವಣೆಯ ಮೀನಂಗಡಿಯಲ್ಲಿ ಬಂಗುಡೆ ಅಪರೂಪವಾಗುತ್ತದೆ, ಬೆಲೆ ಏರುತ್ತದೆ. ಗಾಳಿಪಟಕ್ಕೂ ಬಂಗುಡೆಗೂ ಏನು ಸಂಬಂಧ ಎಂದು ಕೇಳಬಹುದು. ಸಂಬಂಧವಿದೆ. ಎರಡರ ಹಿಂದೆ ಇರುವುದೂ ಒಂದೇ ಗಾಳಿ. ಅರಬ್ಬಿ ಸಮುದ್ರವನ್ನು ದಾಟಿ, ಪಶ್ಚಿಮ ಘಟ್ಟವನ್ನು ಹತ್ತಿ ನಮ್ಮ ಊರಿಗೆ ಬರುವ ಮುಂಗಾರು ಮಾರುತ ಅದು.

ರೈತನಿಗೆ ಮಳೆ ನಕ್ಷತ್ರಗಳಿರುವಂತೆ ಮೀನುಗಾರನಿಗೂ ಒಂದು ಪಂಚಾಂಗವಿದೆ. ಯಾವ ತಿಂಗಳಲ್ಲಿ ಕಡಲು ಹೇಗಿರುತ್ತದೆ, ಯಾವ ಮೀನು ದಡಕ್ಕೆ ಬರುತ್ತದೆ, ಯಾವಾಗ ದೋಣಿಯನ್ನು ಮೇಲೆಳೆದು ಕಟ್ಟಬೇಕು ಎಂಬುದನ್ನು ಮೊಗವೀರರು, ಖಾರ್ವಿಗಳು, ಹರಿಕಂತ್ರರು ತಲೆಮಾರುಗಳಿಂದ ಬಲ್ಲರು. ಆ ಅನುಭವದ ಹಿಂದಿನ ಕಾರಣಗಳನ್ನು ಇಂದು ವಿಜ್ಞಾನ ಬಿಡಿಸಿ ಹೇಳುತ್ತಿದೆ. ಮೀನು ತಿನ್ನದ ಮನೆಯ ಮಕ್ಕಳೂ ತಿಳಿಯಬೇಕಾದ ವಿಷಯವಿದು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಇದರಲ್ಲಿ ಒಟ್ಟಿಗೆ ಸೇರಿವೆ.

ತಳದ ನೀರು ಮೇಲೆ ಬರುವ ಕಾಲ

ಏಪ್ರಿಲ್–ಮೇ ತಿಂಗಳಿನಲ್ಲಿ ಮಂಗಳೂರಿನಿಂದ ಕಾರವಾರದವರೆಗೆ ಕಡಲಿನ ಮೇಲ್ಮೈ ನೀರು ಸುಮಾರು 30 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಬಿಸಿನೀರು ಹಗುರ, ತಣ್ಣೀರು ಭಾರ. ಹೀಗಾಗಿ ಮೇಲೆ ಬಿಸಿ ಪದರ, ಕೆಳಗೆ ತಣ್ಣನೆಯ ಪದರ ಒಂದರೊಡನೊಂದು ಬೆರೆಯದೆ ನಿಲ್ಲುತ್ತವೆ. ಸಸ್ಯಗಳಿಗೆ ಗೊಬ್ಬರವಾಗುವ ನೈಟ್ರೇಟ್, ಫಾಸ್ಫೇಟ್‌ಗಳು ಕೆಳಗಿನ ಪದರದಲ್ಲಿ ಉಳಿದರೆ, ಸೂರ್ಯನ ಬೆಳಕು ಮೇಲಿನ ಪದರದಲ್ಲಿರುತ್ತದೆ. ಗೊಬ್ಬರ ಒಂದು ಕಡೆ, ಬೆಳಕು ಇನ್ನೊಂದು ಕಡೆ ಇದ್ದರೆ ಬೆಳೆ ಬರುವುದೆಂತು?

ಇಂಥ ಕಡಲನ್ನು ಉಳುವುದು ಮುಂಗಾರು ಗಾಳಿ. ನೈಋತ್ಯ ಮಾರುತ ಎಂಬ ಹೆಸರಿದ್ದರೂ ನಮ್ಮ ಕರಾವಳಿಯ ಸಮೀಪದಲ್ಲಿ ಅದು ಹೆಚ್ಚಾಗಿ ಪಶ್ಚಿಮ ಮತ್ತು ವಾಯವ್ಯದಿಂದ ಬೀಸುತ್ತದೆ. ಅಂದರೆ ಅದರ ಒಂದು ಅಂಶ ದಡದ ಉದ್ದಕ್ಕೂ ಉತ್ತರದಿಂದ ದಕ್ಷಿಣಕ್ಕೆ ನೀರನ್ನು ತಳ್ಳುತ್ತದೆ. ಭೂಮಿ ತಿರುಗುತ್ತಿರುವುದರಿಂದ ಉತ್ತರಾರ್ಧ ಗೋಳದಲ್ಲಿ ಹೀಗೆ ತಳ್ಳಲ್ಪಟ್ಟ ಮೇಲ್ಮೈ ನೀರು ಗಾಳಿಯ ಬಲಕ್ಕೆ ವಾಲುತ್ತದೆ. ದಕ್ಷಿಣಕ್ಕೆ ಮುಖಮಾಡಿ ನಿಂತು ನೋಡಿ, ನಿಮ್ಮ ಬಲಗಡೆ ಪಶ್ಚಿಮ, ಅಂದರೆ ನಡುಗಡಲು. ದಡದ ಬಳಿಯ ನೀರು ಅತ್ತ ಸರಿದಾಗ ತೆರವಾದ ಜಾಗವನ್ನು ತುಂಬಲು ತಳದ ತಣ್ಣೀರು ಗೊಬ್ಬರದ ಸಮೇತ ಮೇಲೇಳುತ್ತದೆ. ಗಾಳಿಯ ಬಲಕ್ಕೆ ನೀರು ವಾಲುವ ಈ ಲೆಕ್ಕವನ್ನು 1905ರಲ್ಲಿ ಪ್ರಕಟಿಸಿದವರು ಸ್ವೀಡನ್ನಿನ ವಿಜ್ಞಾನಿ ಎಕ್‌ಮನ್.

ಮೇ ಕೊನೆಯ ಹೊತ್ತಿಗೆ ಕೇರಳದ ದಕ್ಷಿಣ ತುದಿಯಲ್ಲಿ ಆರಂಭವಾಗುವ ಈ ಕ್ರಿಯೆ ಮೆಲ್ಲನೆ ಉತ್ತರಕ್ಕೆ ಸಾಗಿ ನಮ್ಮ ಕರಾವಳಿಯನ್ನು ಮುಟ್ಟುತ್ತದೆ. ಇಲ್ಲಿ ಒಂದು ವಿಶೇಷವಿದೆ. ನೇತ್ರಾವತಿ, ಶರಾವತಿ, ಅಘನಾಶಿನಿ, ಕಾಳಿಯಂಥ ನದಿಗಳು ಮಳೆಗಾಲದಲ್ಲಿ ಸುರಿಯುವ ಸಿಹಿನೀರು ಕಡಲಿನ ಮೇಲೆ ತೆಳುವಾದ ಹೊದಿಕೆಯಾಗಿ ಹರಡುತ್ತದೆ. ತಣ್ಣೀರು ಅನೇಕ ಕಡೆ ಆ ಹೊದಿಕೆಯ ಕೆಳಗೇ ಬಂದು ನಿಲ್ಲುತ್ತದೆ. ಆದರೂ ಬೆಳಕು ಸಿಗುವ ಆಳಕ್ಕೆ ಗೊಬ್ಬರ ಬಂದಂತಾಯಿತು. ಕಣ್ಣಿಗೆ ಕಾಣದ ಸಸ್ಯಪ್ಲವಕಗಳು ಕೋಟಿಗಟ್ಟಲೆ ಹುಟ್ಟುತ್ತವೆ.

ಇದನ್ನೇ ಕಾದಿದ್ದಂತೆ ಬೂತಾಯಿ ಮೊಟ್ಟೆಯಿಡುತ್ತದೆ. ಉತ್ತರ ಕನ್ನಡದಲ್ಲಿ ತಾರ್ಲೆ, ಕುಂದಾಪುರದ ಕಡೆ ಬೈಗೆ ಎನ್ನುವುದೂ ಇದನ್ನೇ. ಜೂನ್‌ನಿಂದ ಆಗಸ್ಟ್‌ವರೆಗೆ ಅದರ ಮುಖ್ಯ ಸಂತಾನೋತ್ಪತ್ತಿ ಕಾಲ. ಮರಿಗಳು ಕಣ್ಣು ಬಿಡುವ ವೇಳೆಗೆ ಊಟ ಬಡಿಸಿಟ್ಟಿರುತ್ತದೆ.

ಕಟ್ಟಿಟ್ಟ ದೋಣಿಗಳು

ಈಗ ಮೀನಂಗಡಿಯ ಬೆಲೆಯ ಮಾತಿಗೆ ಬರೋಣ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿದೆ. 2015ರಲ್ಲಿ ಈ ಅವಧಿಯನ್ನು 61 ದಿನಕ್ಕೆ ಏರಿಸಲಾಯಿತು. ಮಲ್ಪೆ, ಮಂಗಳೂರು, ಕಾರವಾರದ ಬಂದರುಗಳಲ್ಲಿ ಟ್ರಾಲ್ ಬೋಟುಗಳು, ಪರ್ಸೀನ್ ಬೋಟುಗಳು ಸಾಲಾಗಿ ನಿಲ್ಲುತ್ತವೆ. ಸಣ್ಣ ಎಂಜಿನ್ನಿನ ನಾಡದೋಣಿಗಳಿಗೆ ಮಾತ್ರ ಅವಕಾಶ. ನಿಷೇಧದ ಉದ್ದೇಶ ಎರಡು: ಮೀನು ಮರಿಮಾಡಲಿ ಎಂಬುದೊಂದು, ಅಬ್ಬರದ ಕಡಲಿನಲ್ಲಿ ಮನುಷ್ಯರ ಜೀವ ಉಳಿಯಲಿ ಎಂಬುದು ಇನ್ನೊಂದು.

ಹಾಗೆಂದು ಮಳೆಗಾಲದಲ್ಲಿ ಕರಾವಳಿ ಸುಮ್ಮನಿರುವುದಿಲ್ಲ. ಅಳಿವೆಗಳಲ್ಲಿ ಬೀಸುಬಲೆ, ಗಾಳ ಹಿಡಿದವರು ಕಾಣುತ್ತಾರೆ. ಅವರು ನೋಡುವುದು ಚಂದ್ರನನ್ನು. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿದಿನ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸು ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ನೀರು ಏರುವಾಗ ಸಣ್ಣ ಮೀನು, ಸೀಗಡಿಗಳು ಅಳಿವೆಯೊಳಕ್ಕೆ ಬರುತ್ತವೆ. ಅವನ್ನು ತಿನ್ನಲು ದೊಡ್ಡ ಮೀನು ಹಿಂಬಾಲಿಸುತ್ತದೆ. ಅಮೆರಿಕದ ಫ್ಲೋರಿಡಾದಂಥ ಬಿಸಿ ಕರಾವಳಿಯಲ್ಲಿ ಗಾಳಕ್ಕೆ ಗರಿ, ನೂಲು ಸುತ್ತಿ ಹುಸಿ ಮೀನಿನಂತೆ ಮಾಡಿ ಎಸೆಯುವ ಹವ್ಯಾಸಿಗಳಿದ್ದಾರೆ. ಅವರಿಗೆ ಅದು ಆಟ, ನಮ್ಮವರಿಗೆ ಅಂದಿನ ಊಟ. ಆದರೆ ಭರತ ಇಳಿತ, ಗಾಳಿಯ ದಿಕ್ಕು, ನೀರಿನ ಬಣ್ಣ ನೋಡಿ ಮೀನಿನ ಜಾಡು ಊಹಿಸುವ ವಿದ್ಯೆ ಇಬ್ಬರದೂ ಒಂದೇ.

ನೂಲ ಹುಣ್ಣಿಮೆಯಿಂದ ಬೇಸಗೆಯವರೆಗೆ

ಶ್ರಾವಣದ ನೂಲ ಹುಣ್ಣಿಮೆಯಂದು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ಮಾಡುವುದು ಕರಾವಳಿಯ ಸಂಪ್ರದಾಯ. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಕಡಲಿನಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತದೆ. ಮೇಲೆದ್ದು ಬಂದ ತಳದ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ. ಸತ್ತ ಪ್ಲವಕಗಳು ಕೆಳಗಿಳಿದು ಕೊಳೆಯುವಾಗ ಉಳಿದದ್ದೂ ಖರ್ಚಾಗುತ್ತದೆ. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇದನ್ನು ವಿವರವಾಗಿ ಅಧ್ಯಯನ ಮಾಡಿದ್ದಾರೆ. ಉಸಿರುಗಟ್ಟುವ ತಳವನ್ನು ಬಿಟ್ಟು ಮೀನು, ಸೀಗಡಿಗಳು ದಡದತ್ತ, ಮೇಲ್ಪದರದತ್ತ ಸರಿಯುತ್ತವೆ. ಹಿಂದೆ ಹತ್ತಾರು ಜನ ದಡದಲ್ಲಿ ನಿಂತು ರಂಪಣಿ ಬಲೆಯನ್ನು ಎಳೆದು ರಾಶಿ ರಾಶಿ ಬಂಗುಡೆ ಹಿಡಿಯುತ್ತಿದ್ದುದು ಮಳೆಗಾಲ ಮುಗಿದ ಮೇಲಿನ ತಿಂಗಳುಗಳಲ್ಲಿ. 1970ರ ದಶಕದ ಮಧ್ಯದಲ್ಲಿ ಪರ್ಸೀನ್ ಬೋಟುಗಳು ಬಂದ ಮೇಲೆ ಮೀನಿನ ಹಿಂಡು ದಡ ಸೇರುವ ಮೊದಲೇ ಬಲೆ ಸೇರತೊಡಗಿತು. ರಂಪಣಿಯ ವೈಭವ ಮುಗಿಯಿತು.

ನವೆಂಬರ್‌ನಿಂದ ಫೆಬ್ರುವರಿಯವರೆಗೆ ಕಡಲು ಶಾಂತ. ಗಾಳಿ ತಿರುಗುತ್ತದೆ, ದಕ್ಷಿಣಕ್ಕೆ ಹರಿಯುತ್ತಿದ್ದ ಪ್ರವಾಹ ಉತ್ತರಕ್ಕೆ ಹೊರಳುತ್ತದೆ, ನೀರು ತಿಳಿಯಾಗುತ್ತದೆ. ಅಂಜಲ್‌ನಂಥ ದೊಡ್ಡ ಮೀನಿಗೆ ಗಾಳ ಹಾಕುವವರಿಗೆ ಅನುಕೂಲ. 2020ರ ನವೆಂಬರ್‌ನಲ್ಲಿ ಮಂಗಳೂರು, ಮಲ್ಪೆಯ ತೀರಗಳಲ್ಲಿ ರಾತ್ರಿ ಅಲೆಗಳು ನೀಲಿಯಾಗಿ ಹೊಳೆದದ್ದು ಹಲವರಿಗೆ ನೆನಪಿರಬಹುದು. ಅದು ನಾಕ್ಟಿಲೂಕ ಎಂಬ ಸೂಕ್ಷ್ಮಜೀವಿಯ ಬೆಳಕು. ಮಾರ್ಚ್ ದಾಟಿದಂತೆ ಮತ್ತೆ ಬಿಸಿ ಪದರ ಕಟ್ಟಿಕೊಂಡು ದಡದ ಮೀನು ವಿರಳವಾಗುತ್ತದೆ. ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳ ಕಾಲವೂ ಮುಂಗಾರಿನ ಹಿಂದೆ ಮುಂದೆಯೇ ಬರುತ್ತದೆ. 2021ರ ಮೇ ತಿಂಗಳಿನ ತೌತೆ ನಮ್ಮ ಕರಾವಳಿಯನ್ನು ನಡುಗಿಸಿತ್ತು.

ಪಂಚಾಂಗ ತಪ್ಪಿದಾಗ

ತಳದ ನೀರು ಮೇಲೇಳುವ ತಾಣಗಳು ಜಗತ್ತಿನ ಸಾಗರಗಳ ಅತಿ ಸಣ್ಣ ಪಾಲು. ಆದರೂ ಒಟ್ಟು ಮೀನಿನ ಸುಮಾರು ಐದನೇ ಒಂದು ಭಾಗ ಅಲ್ಲಿಂದಲೇ ಸಿಗುತ್ತದೆ. ಅಂಥ ತಾಣವಾದ ಪೆರು ದೇಶದಲ್ಲಿ 1972ರಲ್ಲಿ ಎಲ್ ನಿನೋ ಮತ್ತು ಅತಿಯಾದ ಮೀನುಗಾರಿಕೆ ಒಟ್ಟಿಗೆ ಸೇರಿ ಆಂಕೋವಿ ಮೀನಿನ ಉದ್ಯಮವನ್ನೇ ಕೆಡವಿದವು. ನಮ್ಮ ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 3.9 ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು 3,297 ಟನ್ ಮಾತ್ರ ಎಂದು ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲೆಕ್ಕ ಹಾಕಿದೆ. 2023ರ ಹೊತ್ತಿಗೆ ಅದು ಮತ್ತೆ ಒಂದು ಲಕ್ಷ ಟನ್ ದಾಟಿತು. ಎರಡೂವರೆ ವರ್ಷ ಬದುಕುವ ಮೀನು ಬೇಗ ಬೀಳುತ್ತದೆ, ಅವಕಾಶ ಕೊಟ್ಟರೆ ಬೇಗ ಏಳುತ್ತದೆ. ಆದರೆ ಸಾಲ ಮಾಡಿ ಬೋಟು ಕೊಂಡ ಮನೆಗೆ ಆ ಬರಗಾಲದ ವರ್ಷಗಳನ್ನು ದಾಟುವುದು ಸುಲಭವಲ್ಲ. ಮಕ್ಕಳ ಶಾಲೆಯ ಶುಲ್ಕ, ಮನೆಯ ಮದುವೆ ಎಲ್ಲವೂ ಆ ಹಿಡಿತದ ಮೇಲೆಯೇ ನಿಂತಿರುತ್ತವೆ.

ಮೀನು ಎಲ್ಲಿದೆ ಎಂದು ಹೇಳಲು ಈಗ ಉಪಗ್ರಹಗಳೂ ಇವೆ. ಓಷನ್‌ಸ್ಯಾಟ್‌ನಂಥ ಉಪಗ್ರಹಗಳು ಅಳೆಯುವ ಕಡಲಿನ ಬಣ್ಣ ಮತ್ತು ಉಷ್ಣತೆಯ ಮಾಹಿತಿಯನ್ನು ಆಧರಿಸಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಮೀನುಗಾರರಿಗೆ ಸೂಚನೆ ನೀಡುತ್ತದೆ. ಆದರೆ ಹುಡುಕುವ ಜಾಣ್ಮೆ ಹೆಚ್ಚಿದಷ್ಟೂ ಬಿಡುವ ವಿವೇಕವೂ ಬೇಕು. ರಾತ್ರಿ ಪ್ರಖರ ದೀಪ ಉರಿಸಿ ಮರಿ ಮೀನುಗಳ ಸಮೇತ ಬಾಚುವ ಪದ್ಧತಿಯನ್ನು ಕೇಂದ್ರ ಸರ್ಕಾರ 2017ರ ನವೆಂಬರ್‌ನಲ್ಲಿ ನಿಷೇಧಿಸಿದ್ದು ಈ ಕಾರಣಕ್ಕೇ.

ಮನೆಯಲ್ಲೇ ಮಾಡಿ ನೋಡಿ

ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅರ್ಧದವರೆಗೆ ನೀರು ತುಂಬಿ. ಬೇರೊಂದು ಲೋಟದಲ್ಲಿ ಉಪ್ಪು ಮತ್ತು ಶಾಯಿ ಬೆರೆಸಿದ ತಣ್ಣೀರು ಮಾಡಿಕೊಂಡು, ಆಲಿಕೆಗೆ ಸ್ಟ್ರಾ ಸಿಕ್ಕಿಸಿ ಅದನ್ನು ನಿಧಾನವಾಗಿ ಡಬ್ಬಿಯ ತಳಕ್ಕೆ ಇಳಿಸಿ. ಬಣ್ಣದ ನೀರು ಕೆಳಗೆ ಪದರವಾಗಿ ನಿಲ್ಲುತ್ತದೆ. ಈಗ ಒಂದು ತುದಿಯಿಂದ ಬೀಸಣಿಗೆಯಲ್ಲಿ ಒಂದೇ ಸಮನೆ ಗಾಳಿ ಹಾಕಿ. ಮೇಲಿನ ನೀರು ಎದುರು ತುದಿಗೆ ಸರಿದಂತೆ ನಿಮ್ಮ ಕಡೆಯ ತುದಿಯಲ್ಲಿ ಬಣ್ಣದ ನೀರು ಮೇಲೇಳುವುದನ್ನು ಕಾಣುವಿರಿ. ಭೂಮಿಯ ತಿರುಗುವಿಕೆಯ ಪರಿಣಾಮ ಇಷ್ಟು ಸಣ್ಣ ಡಬ್ಬಿಯಲ್ಲಿ ಕಾಣದು. ತಳದ ನೀರು ಮೇಲೇಳುವ ಬಗೆಯಂತೂ ಕಾಣುತ್ತದೆ.

ಮೀನು ಕೊಳ್ಳುವ ಮನೆಯವರಿಗೆ ಇನ್ನೊಂದು ಕೆಲಸ. ಕೇರಳ ಸರ್ಕಾರ 2015ರಲ್ಲಿ ಹಿಡಿಯಬಹುದಾದ ಮೀನಿಗೆ ಕನಿಷ್ಠ ಅಳತೆ ಗೊತ್ತುಮಾಡಿತು: ಬೂತಾಯಿಗೆ 10 ಸೆಂ.ಮೀ., ಬಂಗುಡೆಗೆ 14 ಸೆಂ.ಮೀ. ಕಂಪಾಸ್ ಪೆಟ್ಟಿಗೆಯಲ್ಲಿರುವ ಸಣ್ಣ ಸ್ಕೇಲಿನ ಉದ್ದ 15 ಸೆಂ.ಮೀ. ಮುಂದಿನ ಬಾರಿ ಅಂಗಡಿಗೆ ಹೋಗುವಾಗ ಮಗುವಿನ ಕೈಯಲ್ಲಿ ಅದನ್ನು ಕೊಟ್ಟು ಕಳುಹಿಸಿ. ಆ ಅಳತೆಗೆ ಬಾರದ ಬಂಗುಡೆ ಇನ್ನೂ ಕಡಲಿನಲ್ಲಿರಬೇಕಿದ್ದ ಮೀನು. ಅದನ್ನು ಕೊಳ್ಳದೆ ಬಂದರೆ ಸಾಕು.