ಟೈರಿನ ಉಬ್ಬು: ಯಾವುದು ಸಹಜ, ಯಾವುದು ಅಪಾಯ

ನಿಂತ ಕಾರಿನ ಟೈರು ನೆಲಕ್ಕೆ ತಾಗುವ ಕಡೆ ಕೊಂಚ ಹೊರಕ್ಕೆ ಉಬ್ಬಿ ಕಾಣುವುದು ದೋಷವಲ್ಲ. ರೇಡಿಯಲ್ ಟೈರಿನಲ್ಲಿ, ಅಂದರೆ ಒಳಗಿನ ದಾರಗಳು ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಅಡ್ಡಲಾಗಿ ಹಾಯುವ ಟೈರಿನಲ್ಲಿ, ಪಕ್ಕದ ಗೋಡೆಯನ್ನು ಬಾಗಲೆಂದೇ ತೆಳುವಾಗಿ ರೂಪಿಸಲಾಗಿರುತ್ತದೆ. ಆದ್ದರಿಂದ ಗಾಳಿ ಸಾಕೇ ಎಂಬುದನ್ನು ಕಣ್ಣಳತೆಯಾಗಲಿ, ಅನೇಕರು ನೆಚ್ಚುವ ಬೂಟುಗಾಲಿನ ಒದೆತವಾಗಲಿ ಹೇಳಲಾರದು. ಅದನ್ನು ಮಾಪಕವೇ ಹೇಳಬೇಕು. ಸಾಮಾನ್ಯವಾಗಿ ಚಾಲಕನ ಬಾಗಿಲ ಚೌಕಟ್ಟಿನ ಚೀಟಿಯಲ್ಲಿ ನಮೂದಾಗಿರುವ ಒತ್ತಡವು, ಪಿಎಸ್‌ಐ ಎಂದರೆ ಚದರ ಅಂಗುಲಕ್ಕೆ ಇಷ್ಟು ಪೌಂಡು ಎಂಬ ಲೆಕ್ಕವು, ತಣ್ಣಗಿರುವ ಟೈರಿಗೆ ಅನ್ವಯಿಸುತ್ತದೆ. ಟೈರಿನ ಮೇಲೆಯೇ ಅಚ್ಚಾಗಿರುವ ಒತ್ತಡದ ಸಂಖ್ಯೆ ಗರಿಷ್ಠ ಮಿತಿಯೇ ಹೊರತು ತುಂಬಿಸಬೇಕಾದ ಪ್ರಮಾಣವಲ್ಲ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಒತ್ತಡವೂ ಸುಮಾರು 1.5 ಪಿಎಸ್‌ಐ ಇಳಿಯುತ್ತದೆ.

ಗೋಡೆಯ ಒಂದೇ ಜಾಗದಲ್ಲಿ ನಿಂಬೆಹೋಳಿನಂತೆ ಏಳುವ ಗುಳ್ಳೆಯ ಕಥೆ ಬೇರೆ. ಚಕ್ರವು ಗುಂಡಿಯ ಅಂಚಿಗೋ ಫುಟ್‌ಪಾತಿನ ಕಲ್ಲಿಗೋ ಬಡಿದಾಗ ಟೈರು ರಿಮ್ಮಿಗೂ ಕಲ್ಲಿಗೂ ನಡುವೆ ಜಜ್ಜಿಹೋಗಿ, ಒಳಗಿನ ದಾರಗಳು ಹರಿದು, ಅಲ್ಲಿ ಗಾಳಿಯನ್ನು ತಡೆಯಲು ಬರಿಯ ರಬ್ಬರು ಮಾತ್ರ ಉಳಿದಿರುತ್ತದೆ. ಗಾಳಿ ಕಡಿಮೆಯಿದ್ದ ಟೈರು ಹೀಗೆ ಜಜ್ಜಿಹೋಗುವುದು ಇನ್ನೂ ಸುಲಭ. ಪಂಕ್ಚರ್ ಅಂಗಡಿಯ ತೇಪೆ ಇದಕ್ಕೆ ಮದ್ದಲ್ಲ. ಅಂಥ ಟೈರನ್ನು ಬದಲಿಸಲೇಬೇಕು.