ಗಾಳಿ ಹಿಡಿಯುವ ಚರ್ಮದ ಬಿಲ್ಲೆ

ನಂಜನಗೂಡು ತಾಲ್ಲೂಕಿನ ಸುತ್ತೂರು ಜಾತ್ರೆಗೆ ಹೋದವರು ಕಪಿಲೆಯಲ್ಲಿ ಮಿಂದು, ತೇರಿಗೆ ಕೈಮುಗಿದು, ದನಗಳ ಪರಿಷೆ ನೋಡಿ, ಕುಸ್ತಿಯ ಕಡೆ ಹೊರಡುತ್ತಾರೆ. ನಾನು ಬಲೂನು ಹೊಡೆಯುವ ಅಂಗಡಿಯ ಹಿಂಬದಿಯಲ್ಲಿ ಕೂತುಬಿಟ್ಟೆ. ಅಲ್ಲೊಂದು ಅಲ್ಯೂಮಿನಿಯಂ ಬಟ್ಟಲು. ಅದರ ತುಂಬ ಹರಳೆಣ್ಣೆ. ಎಣ್ಣೆಯಲ್ಲಿ ಮುಳುಗಿದ್ದದ್ದು ರೂಪಾಯಿ ನಾಣ್ಯದಷ್ಟಗಲದ ಒಂದು ಚರ್ಮದ ಬಿಲ್ಲೆ.

ಅದು ಏರ್ ಗನ್ನಿನ ವಾಷರ್. ಹಳೆಯ ವಾಷರ್ ಒಣಗಿ, ಬೆಳಗಿನಿಂದ ಕೋವಿ ಗಾಳಿ ಬಿಡುತ್ತಿತ್ತು.

ಅಂಗಡಿಯ ಹಿರಿಯರು ಮೊದಲು ತಿ. ನರಸೀಪುರದಲ್ಲಿ ಪಂಪ್ ಸ್ಟವ್ ರಿಪೇರಿ ಮಾಡುತ್ತಿದ್ದವರು. ಸೀಮೆಎಣ್ಣೆ ಸ್ಟವ್ವು, ಪೆಟ್ರೋಮ್ಯಾಕ್ಸು, ಸೈಕಲ್ ಪಂಪು, ಬಲೂನಿನ ಕೋವಿ, ಇವೆಲ್ಲಕ್ಕೂ ಜೀವ ಇರುವುದು ಒಂದೇ ಜಾಗದಲ್ಲಿ ಎಂಬುದು ಅವರ ಮಾತು. ಕೊಳವೆಯೊಳಗೆ ಓಡಾಡುವ ಚರ್ಮದ ಬಟ್ಟಲು ಅದು. ಮುಂದಕ್ಕೆ ನುಗ್ಗುವಾಗ ಗಾಳಿಯ ಒತ್ತಡಕ್ಕೆ ಅದರ ಅಂಚು ಅರಳಿ ಕೊಳವೆಯ ಗೋಡೆಗೆ ಅಂಟಿಕೊಳ್ಳುತ್ತದೆ. ಒತ್ತಿದಷ್ಟೂ ಬಿಗಿ. ಒಣಗಿದರೆ ಮುದುರಿಕೊಳ್ಳುತ್ತದೆ, ಗಾಳಿ ಪಕ್ಕದಲ್ಲೇ ನುಸುಳಿಹೋಗುತ್ತದೆ.

ಬಿಚ್ಚುವ ಕೆಲಸವೇ ಅಪಾಯದ್ದು. ಒಳಗೆ ಅದುಮಿಟ್ಟ ಸ್ಪ್ರಿಂಗ್ ಹಾರಿದರೆ ಮುಖಕ್ಕೇ ಬರುತ್ತದೆ. ಅದಕ್ಕೆ ಬಡಗಿಯ ಕ್ಲ್ಯಾಂಪು, ಮೇಲೊಂದು ಗೋಣಿತಟ್ಟು. ಪಿಸ್ಟನ್ ಹೊರಬಂದ ಮೇಲೆ ದಪ್ಪ ಚರ್ಮವನ್ನು ದುಂಡಗೆ ಕತ್ತರಿಸಿ, ನೆನೆಸಿ, ಮರದ ಅಚ್ಚಿಗೆ ಒತ್ತಿ ಬಟ್ಟಲಿನ ಆಕಾರಕ್ಕೆ ತರುತ್ತಾರೆ. ಒಣಗಿದ ಮೇಲೆ ರಾತ್ರಿಯಿಡೀ ಎಣ್ಣೆಯಲ್ಲಿ. ಕೂರಿಸುವಾಗ ಹೆಚ್ಚಿನ ಎಣ್ಣೆಯನ್ನು ಒರೆಸಲೇಬೇಕು. ಗಾಳಿ ಒಮ್ಮೆಲೇ ಅದುಮಿದಾಗ ಹುಟ್ಟುವ ಕಾವಿಗೆ ಉಳಿದ ಎಣ್ಣೆ ಹೊತ್ತಿಕೊಂಡು ಢಮ್ಮೆನ್ನುತ್ತದೆ, ನಳಿಕೆಯಲ್ಲಿ ಹೊಗೆ ಬರುತ್ತದೆ. ನೋಡುವವರು ಕೋವಿಗೆ ಬಲ ಬಂತು ಅಂದುಕೊಳ್ಳುತ್ತಾರೆ. ಸ್ಪ್ರಿಂಗ್ ಮುರಿಯುವುದು ಹಾಗೆಯೇ. ಗುಂಡಿಲ್ಲದೆ ಹೊಡೆದರೂ ಮುರಿಯುತ್ತದೆ, ಮಕ್ಕಳ ಕೈಗೆ ಖಾಲಿ ಕೋವಿ ಕೊಡದಿರುವುದಕ್ಕೆ ಇದೂ ಒಂದು ಕಾರಣ. ಸೊಂಟ ಸಣ್ಣಗಿರುವ ಆ ಸೀಸದ ಗುಂಡನ್ನು ಅಂಗೈಯಲ್ಲಿಟ್ಟು ನೋಡಿದೆ. ನಂಜುಂಡೇಶ್ವರನ ಸೀಮೆಯಲ್ಲಿ ಅದನ್ನು ಡಮರುಗ ಅನ್ನದೆ ಇನ್ನೇನನ್ನಲಿ!

ಪಂಪು ಹೊಡೆದು ಗಾಳಿ ತುಂಬುವ ಪಿಸ್ತೂಲು ಈ ಕೋವಿಯ ದಾಯಾದಿ. ಅದರಲ್ಲಿ ದೊಡ್ಡ ಸ್ಪ್ರಿಂಗಿನ ಬದಲು ಗಾಳಿಯನ್ನೇ ಕೂಡಿಡುತ್ತಾರೆ. ಅಮೆರಿಕದ ಕ್ರಾಸ್‌ಮನ್ ಕಂಪನಿ 1977ರಲ್ಲಿ ತಂದ 1377 ಪಿಸ್ತೂಲಿಗೆ ಹೆಚ್ಚೆಂದರೆ ಹತ್ತು ಸಲ ಪಂಪು ಹೊಡೆದರೆ ಸಾಕು. ಆಸ್ಟ್ರಿಯಾದ ಸೈನ್ಯ 18ನೇ ಶತಮಾನದ ಕೊನೆಯಲ್ಲಿ ಬಳಸಿದ ಜಿರಾರ್ಡೋನಿ ಗಾಳಿಕೋವಿಗೆ ಸುಮಾರು 1,500 ಸಲ ಪಂಪು ಹೊಡೆಯಬೇಕಿತ್ತು. ಹಳೆಯ ಬೆಂಜಮಿನ್ ಪಿಸ್ತೂಲುಗಳನ್ನು ಹುಡುಕಿ ತಂದು, ಹಿತ್ತಾಳೆ ಉಜ್ಜಿ, ವಾಷರ್ ಬದಲಿಸಿ ಕಾಪಾಡುವ ಸಂಗ್ರಾಹಕರು ಅಮೆರಿಕದಲ್ಲಿದ್ದಾರೆ. ನಮ್ಮ ಜಾತ್ರೆಯ ಕೋವಿಗಳನ್ನು ಹಾಗೆ ಎತ್ತಿಟ್ಟುಕೊಂಡವರನ್ನು ನಾನು ನೋಡಿಲ್ಲ. 4.5 ಮಿಲಿಮೀಟರಿನ, 20 ಜೂಲ್ ಮೀರದ ಏರ್ ಗನ್ನಿಗೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಹಾಗಿದ್ದೂ ಮರದ ಹಿಡಿ ಸವೆದು ನುಣುಪಾದ ಈ ಕೋವಿಗಳು ಕೊನೆಗೆ ಗುಜರಿ ಸೇರುತ್ತವೆ. ಎಷ್ಟೋ ಊರುಗಳ ಮಕ್ಕಳು ಮೊದಲ ಸಲ ಉಸಿರು ಬಿಗಿಹಿಡಿದು ಗುರಿಯಿಟ್ಟದ್ದು ಇದೇ ಹಿಡಿಗೆ ಕೆನ್ನೆಯೊತ್ತಿ. ಒಂದೆರಡನ್ನಾದರೂ ಯಾವುದಾದರೂ ಜಾನಪದ ವಸ್ತುಸಂಗ್ರಹಾಲಯ ಕೇಳಿ ಪಡೆಯಬೇಕು.

ಅಂಗಡಿಯ ವರ್ಷ ಜಾತ್ರೆಗಳ ಹಿಂದೆಯೇ ಸಾಗುತ್ತದೆ. ಸುತ್ತೂರು ಮುಗಿದರೆ ಮುಡುಕುತೊರೆಯ ಮಲ್ಲಿಕಾರ್ಜುನ, ಆಮೇಲೆ ನಂಜನಗೂಡಿನ ಪಂಚ ರಥಗಳ ದೊಡ್ಡ ಜಾತ್ರೆ. 1989ರಲ್ಲಿ ಶುರುವಾದ ತಿರುಮಕೂಡಲಿನ ಕುಂಭಮೇಳ ಬಂದ ವರ್ಷ ಅಲ್ಲಿಗೂ ಒಂದು ನಡಿಗೆ.

ಗ್ಯಾಸ್ ಒಲೆ ಬಂದ ಮೇಲೆ ಸ್ಟವ್ ವಾಷರ್ ಕೇಳುವವರಿಲ್ಲ, ಕೇಳುವವರಿಲ್ಲದ ಮೇಲೆ ಅಂಥ ಚರ್ಮ ತಂದಿಡುವ ಅಂಗಡಿಯೂ ಇಲ್ಲ. ಈಗ ಸಿಗುವ ಪ್ಲಾಸ್ಟಿಕ್ ವಾಷರ್ ಹಳೆಯ ಕೊಳವೆಗಳಿಗೆ ಸರಿಯಾಗಿ ಕೂರುವುದಿಲ್ಲವಂತೆ. ಹಿರಿಯರ ಬಳಿ ಒಂದು ಬಿಸ್ಕತ್ ಡಬ್ಬಿಯಿದೆ. ಸ್ಟವ್ ರಿಪೇರಿ ಅಂಗಡಿ ಮುಚ್ಚಿದ ದಿನ ಉಳಿದ ಚರ್ಮವನ್ನೆಲ್ಲ ಕತ್ತರಿಸಿ ಅದರಲ್ಲಿ ಹಾಕಿಟ್ಟಿದ್ದರು. ಮುಚ್ಚಳ ತೆಗೆದು ನನಗೂ ತೋರಿಸಿದರು. ತಳದಲ್ಲಿ ಏಳು ಬಿಲ್ಲೆ ಇದ್ದವು. ಒಂದನ್ನು ಆರಿಸಿ, ಬೆರಳಿನಿಂದ ಬಾಗಿಸಿ ನೋಡಿ, ಮುಡುಕುತೊರೆಗೆ ಆಗುತ್ತದೆ ಎನ್ನುತ್ತ ಎಣ್ಣೆಗೆ ಹಾಕಿದರು.