ಸೋರುವ ಹಂಡೆಯ ಸಾಕ್ಷ್ಯ

ಕಾರವಾರ, ಅಂಕೋಲಾ ಕಡೆಯ ಹಳೆಯ ಮನೆಗಳಲ್ಲಿ ದಿನದ ಮೊದಲ ಬೆಂಕಿ ಹೊತ್ತುವುದು ಬಚ್ಚಲುಮನೆಯಲ್ಲಿ. ತೆಂಗಿನ ಮಡಲು, ಸಿಪ್ಪೆ, ಕರಟಗಳನ್ನು ಒಲೆಗೆ ತುಂಬಿ, ಮೇಲೆ ಕೂರಿಸಿದ ತಾಮ್ರದ ಹಂಡೆಯಲ್ಲಿ ಮನೆಮಂದಿಗೆಲ್ಲ ಮೀಯುವ ನೀರು ಕಾಯಿಸುವುದು ಇಲ್ಲಿಯ ಪದ್ಧತಿ. ಕೊಂಕಣಿ ಮಾತಿನ ಮನೆಗಳಲ್ಲಿ ಅದು ಭಾಣ; ನಡುವೆ ಬೆಂಕಿಯ ಕೊಳವೆಯುಳ್ಳ ಉರುಟು ಪಾತ್ರೆಯಾದರೆ ಬಂಬ. ಈಗ ಅನೇಕ ಮನೆಗಳಲ್ಲಿ ಆ ಸ್ಥಾನ ವಿದ್ಯುತ್ ಗೀಸರಿನದು. ಹೆಸರು ಏನೇ ಇರಲಿ, ಕೆಲಸದಿಂದ ಇವೆಲ್ಲವೂ ಮನೆಯ ಬಾಯ್ಲರುಗಳೇ.

ಈ ಬಾಯ್ಲರುಗಳ ಮೇಲೆ ಒಂದು ದೂರು ಎಲ್ಲೆಡೆಯೂ ಕೇಳಿಬರುತ್ತದೆ: “ಅಜ್ಜನ ಕಾಲದ ಹಂಡೆ ಮೂರು ತಲೆಮಾರಿಗೆ ಬಂತು. ಈಗ ತಂದದ್ದು ಐದು ವರ್ಷಕ್ಕೇ ಸೋರುತ್ತದೆ. ಈಗಿನ ಲೋಹದಲ್ಲಿ ಸತ್ವವಿಲ್ಲ.” ಹೀಗೆ ಹೇಳಿ ಹಳೆಯದನ್ನು ಗುಜರಿಗೆ ಹಾಕಿ ಹೊಸದನ್ನು ತರುತ್ತೇವೆ. ಅದೂ ಅಷ್ಟೇ ವರ್ಷಕ್ಕೆ ಸೋರುತ್ತದೆ. ಲೋಹದ ದಪ್ಪ ಕಡಿಮೆಯಾಗಿರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೋರುವ ಪಾತ್ರೆ ಒಂದು ಸಾಕ್ಷಿ. ತೂತು ಎಲ್ಲಿ ಬಿದ್ದಿದೆ, ಯಾವ ಹೊತ್ತಿನಲ್ಲಿ ಸೋರುತ್ತದೆ, ಸುತ್ತಲಿನ ಕಲೆಯ ಬಣ್ಣವೇನು ಎಂದು ಕೇಳಿದರೆ ಅದು ನಡೆದುದನ್ನು ನಡೆದಂತೆ ಹೇಳುತ್ತದೆ. ವಿಚಾರಣೆಯಿಲ್ಲದೆ ಸಾಕ್ಷಿಯನ್ನೇ ಮನೆಯಿಂದ ಹೊರಗಟ್ಟಿದರೆ ಅಪರಾಧಿ ಒಳಗೇ ಉಳಿಯುತ್ತಾನೆ.

ಮೊದಲ ಪ್ರಶ್ನೆ, ಇದು ನಿಜವಾಗಿಯೂ ಸೋರಿಕೆಯೇ? ಮಳೆಗಾಲದ ಕರಾವಳಿಯ ಗಾಳಿ ನೀರಿನಿಂದ ತೊಯ್ದಿರುತ್ತದೆ. ಹಸಿ ಸೌದೆ ಉರಿಯುವಾಗಲೂ ಹೊಗೆಯೊಡನೆ ನೀರಿನ ಆವಿ ಹೊರಡುತ್ತದೆ. ತಣ್ಣೀರು ತುಂಬಿದ ಹಂಡೆಯ ಹೊರಮೈಗೆ ಈ ಆವಿ ತಗುಲಿದರೆ ಅದು ಬೆವರಾಗಿ ಒಲೆಗೆ ತೊಟ್ಟಿಕ್ಕುತ್ತದೆ. ಬೆಂಕಿ ಹತ್ತಿದ ಹೊಸತರಲ್ಲಿ ತೊಟ್ಟಿಕ್ಕಿ, ನೀರು ಬಿಸಿಯಾದಂತೆ ನಿಂತುಹೋದರೆ ಅದು ಬೆವರು. ತಣ್ಣಗಿದ್ದಾಗಲೂ ಬಿಸಿಯಾದಾಗಲೂ ಬಿಡದೆ ಬೀಳುತ್ತಿದ್ದರೆ ಸೋರಿಕೆ. ಹಂಡೆಯನ್ನು ಬರಿದು ಮಾಡಿ, ಹೊರಮೈಯ ಮಸಿಯನ್ನು ಉಜ್ಜಿ ಒರೆಸಿ, ನೀರು ತುಂಬಿ, ಬೆಂಕಿಯಿಲ್ಲದೆ ಒಂದು ರಾತ್ರಿ ಒಣಗಿದ ಕಾಗದದ ಮೇಲೆ ಕೂರಿಸಿದರೆ ಬೆಳಗ್ಗೆ ಸಂಶಯ ಉಳಿಯುವುದಿಲ್ಲ.

ಎರಡನೆಯ ಪ್ರಶ್ನೆ, ತೂತು ಎಲ್ಲಿದೆ? ಬೆಸುಗೆಯ ಗೆರೆಯಲ್ಲಿದ್ದರೆ ಬರಿದಾದ ಹಂಡೆಯ ಕೆಳಗೆ ಬೆಂಕಿ ಉರಿದಿರಬೇಕೆಂದು ಮೊದಲು ಊಹಿಸಬಹುದು. ತೆರೆದ ಪಾತ್ರೆಯಲ್ಲಿ ನೀರು ಇರುವವರೆಗೆ ತಾಮ್ರದ ಬಿಸಿ 100 ಡಿಗ್ರಿ ಸೆಲ್ಸಿಯಸ್ಸಿಗಿಂತ ಬಹಳ ಮೇಲೆ ಏರಲಾರದು. ಬಂದ ಶಾಖವನ್ನೆಲ್ಲ ನೀರು ಎಳೆದುಕೊಳ್ಳುತ್ತದೆ. ತವರ-ಸೀಸಗಳ ಮೆದು ಬೆಸುಗೆ ಸುಮಾರು 183 ಡಿಗ್ರಿಯಲ್ಲಿ ಕರಗತೊಡಗುತ್ತದೆ. ನೀರಿನ ಕಾವಲು ತಪ್ಪಿದರೆ ಆ ಅಂಕೆಯನ್ನು ಮುಟ್ಟಲು ಕೆಲವೇ ನಿಮಿಷ ಸಾಕು. ತಳದ ಹೊರಮೈ ಬೂದಿ ಕುಳಿತಲ್ಲೇ ಕುಳಿಕುಳಿಯಾಗಿದ್ದರೆ ಅಪರಾಧಿ ಬೂದಿ. ತೆಂಗಿನ ಸಿಪ್ಪೆಯ ಬೂದಿಯಲ್ಲಿ ಪೊಟ್ಯಾಸಿಯಂ ಲವಣಗಳು ಹೇರಳ. ಅವು ಗಾಳಿಯ ತೇವವನ್ನು ಹೀರಿ ಲೋಹಕ್ಕೆ ಅಂಟಿಕೊಂಡು ಕುಳಿತಿರುತ್ತವೆ. ಬೇಸಗೆಯಲ್ಲಿ ನಿರಪಾಯವಾದ ಬೂದಿ ಆಷಾಢದಲ್ಲಿ ಲೋಹವನ್ನು ತಿನ್ನುತ್ತದೆ. ಒಳಮೈಯಲ್ಲಿ, ನೀರೂ ಗಾಳಿಯೂ ಕೂಡುವ ರೇಖೆಯಲ್ಲಿ ಹಸಿರು ಬಳೆ ಕಟ್ಟಿ ಅದರ ಅಡಿಯಲ್ಲಿ ಸೂಜಿಮೊನೆಯ ತೂತುಗಳಿದ್ದರೆ ವಿಚಾರಣೆ ಒಲೆಯನ್ನು ಬಿಟ್ಟು ಬಾವಿಯ ಕಡೆ ತಿರುಗಬೇಕು.

ನೀರೇ ಬಾಯ್ಲರನ್ನು ತಿನ್ನುವ ಬಗೆಯನ್ನು ಸ್ಪಷ್ಟವಾಗಿ ತೋರಿಸುವ ಉದಾಹರಣೆ ನಮ್ಮ ಬಚ್ಚಲಿನಿಂದ ಬಲು ದೂರದಲ್ಲಿದೆ. ಅಮೆರಿಕದ ಹಿಮ ಬೀಳುವ ಊರುಗಳ ಹಳೆಯ ಮನೆಗಳಲ್ಲಿ ನೆಲಮಾಳಿಗೆಯ ಎರಕದ ಕಬ್ಬಿಣದ ಬಾಯ್ಲರು ಉಗಿ ಮಾಡುತ್ತದೆ. ಉಗಿ ಕೊಳವೆಗಳಲ್ಲಿ ಏರಿ ಕೋಣೆಗಳನ್ನು ಬೆಚ್ಚಗಾಗಿಸಿ, ತಣಿದು ನೀರಾಗಿ ಬಾಯ್ಲರಿಗೇ ಇಳಿಯುತ್ತದೆ. ವರ್ಷವೆಲ್ಲ ತಿರುಗುವುದು ಹೆಚ್ಚುಕಡಿಮೆ ಅದೇ ನೀರು. ಒಮ್ಮೆ ಕುದಿದ ನೀರಿನಲ್ಲಿ ಕರಗಿದ ಆಮ್ಲಜನಕ ಉಳಿದಿರುವುದಿಲ್ಲವಾದ್ದರಿಂದ ಅದು ಕಬ್ಬಿಣಕ್ಕೆ ಸಾಧುವಾದ ನೀರು. ಎಲ್ಲೋ ನೆಲದಡಿಯ ಕೊಳವೆ ಗುಟ್ಟಾಗಿ ಸೋರತೊಡಗಿತೆನ್ನಿ. ಕಡಿಮೆಯಾದುದನ್ನು ತುಂಬಲು ಹೊಸ ನೀರು ಬರುತ್ತದೆ. ಅದರೊಡನೆ ಹೊಸ ಆಮ್ಲಜನಕ, ಹೊಸ ಕ್ಲೋರೈಡ್. ಉಗಿ ಹೋಗುತ್ತದೆ, ಕ್ಲೋರೈಡ್ ಉಳಿದು ದಿನದಿನಕ್ಕೆ ಗಟ್ಟಿಯಾಗುತ್ತದೆ. ಮೂವತ್ತು ವರ್ಷ ಬಾಳಬೇಕಾದ ಬಾಯ್ಲರು ಹತ್ತರೊಳಗೇ, ನೀರಿನ ಮಟ್ಟದ ರೇಖೆಯಲ್ಲಿ ಇಲ್ಲವೆ ಅದರ ಮೇಲೆ, ತೂತಾಗುತ್ತದೆ. ಎರಕದ ಕಬ್ಬಿಣ ಸವೆಯುವ ರೀತಿಯೂ ವಿಚಿತ್ರ: ಕಬ್ಬಿಣ ಕರಗಿಹೋಗಿ ಅದರೊಳಗಿನ ಗ್ರಾಫೈಟು ನಿಲ್ಲುತ್ತದೆ. ಆಕಾರ ಹಾಗೆಯೇ ಇರುತ್ತದೆ, ಚೂರಿಯಿಂದ ಗೀಚಿದರೆ ಪೆನ್ಸಿಲಿನ ಕಡ್ಡಿಯಂತೆ ಮೆತ್ತಗೆ.

ಅಲ್ಲಿಯ ಕುಶಲಿಗಳ ತಪಾಸಣೆಯ ಕ್ರಮ ನನಗೆ ಬಹಳ ಮೆಚ್ಚಿಗೆ. ನೆಲದ ಮೇಲೆ ತೇವವಿಲ್ಲ, ಆದರೆ ನೀರು ಕಡಿಮೆಯಾಗುತ್ತಿದೆ. ಹಾಗಾದರೆ ಅದು ಉಗಿಯಾಗಿ ಹೊಗೆಗೂಡಿನಿಂದ ಹೋಗುತ್ತಿರಬೇಕು. ಅವರು ಬೆಂಕಿ ನಂದಿಸಿ, ಬಾಯ್ಲರು ಪೂರ್ತಿ ಆರಿದ ಮೇಲೆ, ಎಂದಿನ ಮಟ್ಟಕ್ಕಿಂತ ಮೇಲಕ್ಕೆ ನೀರು ತುಂಬುತ್ತಾರೆ. ಮೇಲಿನ ತೂತು ಈಗ ನೀರಿನಡಿಗೆ ಬರುವುದರಿಂದ ಬೆಂಕಿಯ ಗೂಡಿನಲ್ಲಿ ಹನಿ ಕಾಣುತ್ತದೆ. ಆರುವವರೆಗೆ ಕಾಯುವುದು ಅಲ್ಲಿ ಕಡ್ಡಾಯ. ಬರಿದಾಗಿ ಕಾದ ಎರಕದ ಕಬ್ಬಿಣಕ್ಕೆ ತಣ್ಣೀರು ತಗುಲಿದರೆ ಅದು ಸೀಳಿಹೋಗುತ್ತದೆ. ಹೊಸ ಬಾಯ್ಲರು ಕೂರಿಸುವ ಮುನ್ನ ನೆಲದಡಿಯ ಆ ಗುಟ್ಟಿನ ಸೋರಿಕೆಯನ್ನೂ ಹುಡುಕುತ್ತಾರೆ. ಹುಡುಕದಿದ್ದರೆ ಹೊಸದಕ್ಕೂ ಹಳೆಯದರ ಆಯುಷ್ಯವೇ.

ಈ ನ್ಯಾಯವನ್ನು ನಮ್ಮ ಬಚ್ಚಲಿಗೆ ಹಚ್ಚಿ ನೋಡೋಣ. ನಮ್ಮ ಹಂಡೆಗೆ ದಿನವೂ ಹೊಸ ನೀರೇ. ಆದ್ದರಿಂದ ಅದರ ಆಯುಷ್ಯವನ್ನು ಬರೆಯುವುದು ಬಾವಿ. ಇಲ್ಲಿಯ ಕೆಂಪುಕಲ್ಲಿನ ನೆಲದ ಬಾವಿಗಳ ನೀರು ಸಾಮಾನ್ಯವಾಗಿ ಮೃದುವಾದದ್ದು, ಕೊಂಚ ಆಮ್ಲಗುಣದ್ದು. ಅದು ತಾಮ್ರವನ್ನು ಮೆಲ್ಲಗೆ ಕರಗಿಸುತ್ತದೆ. ನಲ್ಲಿಯ ಕೆಳಗಿನ ಕಲ್ಲಿನ ಮೇಲೆ ನೀಲಿ-ಹಸಿರು ಕಲೆ ಮೂಡಿದರೆ ಅದೇ ಗುರುತು. ಕಡಲಂಚಿನ ಬಾವಿಯದು ಬೇರೆ ಕಥೆ. ಸಮುದ್ರದ ಒಂದು ಲೀಟರ್ ನೀರಿನಲ್ಲಿ ಸುಮಾರು 19,000 ಮಿಲಿಗ್ರಾಂ ಕ್ಲೋರೈಡ್ ಇರುತ್ತದೆ. ನೂರು ಲೀಟರ್ ಸಿಹಿನೀರಿಗೆ ಒಂದೂಕಾಲು ಲೀಟರಿನಷ್ಟು ಕಡಲ ನೀರು ಬೆರೆತರೂ ಸಾಕು, ಭಾರತೀಯ ಮಾನಕ ಸಂಸ್ಥೆ ಕುಡಿಯುವ ನೀರಿಗೆ ಹೇಳಿರುವ 250 ಮಿಲಿಗ್ರಾಂ ಮಿತಿ ಮುಟ್ಟಿದಂತಾಗುತ್ತದೆ. ನಾಲಿಗೆಗೆ ಉಪ್ಪು ತಿಳಿಯತೊಡಗುವುದೂ ಆ ಸುಮಾರಿಗೆ.

ಎಲ್ಲಿಂದ ಬರುತ್ತದೆ ಈ ಉಪ್ಪು? ಕಡಲ ತೀರದ ನೆಲದಡಿಯಲ್ಲಿ ಸಿಹಿನೀರು ಭಾರವಾದ ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಘೀಬೆನ್ ಮತ್ತು ಹರ್ಜ್‌ಬರ್ಗ್ ಎಂಬಿಬ್ಬರ ಹೆಸರಿನಲ್ಲಿರುವ ನಿಯಮದಂತೆ, ಕಡಲ ಮಟ್ಟದಿಂದ ಮೇಲೆ ಒಂದು ಅಡಿ ಸಿಹಿನೀರು ನಿಂತಿದ್ದರೆ ಅದರ ಕೆಳಗೆ ಸುಮಾರು 40 ಅಡಿ ಸಿಹಿನೀರಿರುತ್ತದೆ. ಪಂಪಿನಿಂದ ಮೇಲಿನ ಒಂದಡಿಯನ್ನು ಇಳಿಸಿದರೆ, ಕಾಲಕ್ರಮದಲ್ಲಿ ಕೆಳಗಿನ ಉಪ್ಪು 40 ಅಡಿ ಮೇಲೇರಲು ನಾವೇ ದಾರಿ ಮಾಡಿದಂತೆ. ಕಾಳಿ, ಗಂಗಾವಳಿ ನದಿಗಳ ಮುಖದಲ್ಲಿ ಭರತದ ನೀರು ಒಳನಾಡಿಗೂ ಏರುವುದುಂಟು. ಬೇಸಗೆಯಲ್ಲಿ ಹೊಳೆಯ ಬಲ ಕುಗ್ಗಿದಾಗ ಅದು ಇನ್ನೂ ಮೇಲೆ ಬರುತ್ತದೆ. 1930ರ ಉಪ್ಪಿನ ಸತ್ಯಾಗ್ರಹದಿಂದ ಹೆಸರಾದ ಅಂಕೋಲೆಗೆ ಉಪ್ಪು ಅಪರಿಚಿತವಲ್ಲ. ಆದರೆ ಅಂದು ಅದನ್ನು ಹುಡುಕಿಕೊಂಡು ಜನ ಕಡಲಿಗೆ ಹೋದರು. ಇಂದು ಅದೇ ನಮ್ಮ ಅಂಗಳಕ್ಕೆ ಬರುತ್ತಿದೆ.

ನನ್ನ ಪರಿಚಯದ ಅಣ್ಣತಮ್ಮಂದಿರಿಬ್ಬರು ಒಂದೇ ಅಂಗಡಿಯಲ್ಲಿ ಒಂದೇ ಬಗೆಯ ಎರಡು ಗೀಸರು ಕೊಂಡರು. ಒಂದು ಕಡಲಿಗೆ ಹತ್ತಿರದ ಕೇಣಿಗೆ ಹೋಯಿತು, ಇನ್ನೊಂದು ಒಳನಾಡಿನ ರಾಮನಗುಳಿಗೆ. ಕೇಣಿಯದು ಮೂರನೆಯ ವರ್ಷ ಸೋರಿತು. ರಾಮನಗುಳಿಯದು ಇನ್ನೂ ನಡೆಯುತ್ತಿದೆ. ಲೋಹ ಒಂದೇ, ನೀರು ಬೇರೆ. ಇಂಥ ಗೀಸರಿನ ಉಕ್ಕಿನ ತೊಟ್ಟಿಯೊಳಗೆ ಮೆಗ್ನೀಸಿಯಂ ಕಂಬಿಯೊಂದಿರುತ್ತದೆ. ತೊಟ್ಟಿಯ ಬದಲು ತಾನು ಸವೆಯುವುದೇ ಅದರ ಧರ್ಮ. ಉಪ್ಪುನೀರಿನಲ್ಲಿ ಅದು ಬೇಗ ಮುಗಿಯುತ್ತದೆ. ಮುಗಿದ ಮೇಲೆ ತೊಟ್ಟಿಯ ಸರದಿ. ವರ್ಷಕ್ಕೊಮ್ಮೆ ತೆರೆಸಿ ನೋಡಿ, ಸವೆದಿದ್ದರೆ ಹೊಸ ಕಂಬಿ ಹಾಕಿಸುವುದು ಹೊಸ ಗೀಸರಿಗಿಂತ ಬಹಳ ಅಗ್ಗ.

ಅದೇ ಕೇಣಿಯ ಮನೆಯಲ್ಲಿ ಮತ್ತೊಂದು ಸಂಗತಿ ಕಂಡೆ. ಸೇಫ್ಟಿ ವಾಲ್ವಿನಿಂದ ಹನಿ ಬೀಳುತ್ತದೆಂದು, ರಿಪೇರಿಗೆ ಬಂದವನೊಬ್ಬ ಅದರ ಬಾಯಿಗೆ ಬಿರಡೆ ಜಡಿದು ಹೋಗಿದ್ದ. ಶ್ರೋತೃಗಳು ಇದೊಂದನ್ನು ದಯವಿಟ್ಟು ನೆನಪಿಡಬೇಕು. 25 ಲೀಟರ್ ನೀರು 25 ಡಿಗ್ರಿಯಿಂದ 65 ಡಿಗ್ರಿಗೆ ಕಾದರೆ ಸುಮಾರು 400 ಮಿಲಿಲೀಟರಿನಷ್ಟು ಹಿಗ್ಗುತ್ತದೆ. ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದಾಗ ಆ ಹೆಚ್ಚಿನ ನೀರು ಹೊರಬೀಳುವ ಬಾಗಿಲೇ ಆ ವಾಲ್ವು. ಕಾಯುವಾಗ ನಾಲ್ಕು ಹನಿ ಬೀಳುವುದು ಅದರ ಆರೋಗ್ಯ. ಹಗಲಿರುಳೂ ಸುರಿದರೆ ವಾಲ್ವು ಬದಲಿಸಬೇಕು, ಅಥವಾ ಕೊಳವೆಯ ಒತ್ತಡ ನೋಡಿಸಬೇಕು. ಬಾಯಿ ಮುಚ್ಚಬಾರದು. ಮುಚ್ಚಿದ ತೊಟ್ಟಿಯಲ್ಲಿ ಥರ್ಮೋಸ್ಟಾಟ್ ಕೆಟ್ಟು ನೀರು 100 ಡಿಗ್ರಿ ಮೀರಿತೆಂದರೆ, ತೊಟ್ಟಿ ಒಡೆದ ಕ್ಷಣ ಒಂದು ಪಾಲು ನೀರು ಉಗಿಯಾಗಿ ಸುಮಾರು 1,600 ಪಟ್ಟು ಹಿಗ್ಗುತ್ತದೆ. ಬಂಬದ ಆವಿಯ ದಾರಿಯನ್ನು ಮುಚ್ಚಬಾರದೆಂದು ಹಿರಿಯರು ಗದರುತ್ತಿದ್ದುದರ ಹಿಂದಿನ ತತ್ವವೂ ಇದೇ.

ಇನ್ನು ಮಾಡಬೇಕಾದದ್ದು ಹೆಚ್ಚಿಲ್ಲ. ಮಳೆಗಾಲದಲ್ಲಿ ಹಂಡೆಯ ತಳದ ಬೂದಿಯನ್ನು ದಿನವೂ ಬಳಿಯಬೇಕು. ನೀರು ತುಂಬದೆ ಬೆಂಕಿ ಹಾಕಬಾರದು. ತೂತಿಗೆ ತೇಪೆ ಹಾಕಿಸುವ ಮುನ್ನ ಕಂಚುಗಾರನೊಡನೆ ಕುಳಿತು ಅದರ ಒಳಮೈ ಹೊರಮೈಗಳೆರಡನ್ನೂ ನೋಡಬೇಕು. ಮೇ ತಿಂಗಳ ಕೊನೆಗೊಮ್ಮೆ, ಆಗಸ್ಟಿನಲ್ಲೊಮ್ಮೆ ಬಾವಿಯ ನೀರನ್ನು ಜಿಲ್ಲೆಯ ನೀರು ಪರೀಕ್ಷೆಯ ಪ್ರಯೋಗಾಲಯಕ್ಕೆ ಕೊಟ್ಟು ಕ್ಲೋರೈಡಿನ ಅಂಕಿ ಬರೆದಿಡಬೇಕು. ಮೇ ತಿಂಗಳ ಅಂಕಿ ವರ್ಷದಿಂದ ವರ್ಷಕ್ಕೆ ಏರುತ್ತಿದ್ದರೆ ಹೊಸ ಹಂಡೆಯಿಂದ ಪ್ರಯೋಜನವಿಲ್ಲ; ಪಂಪಿನ ಹೊತ್ತನ್ನು ಇಳಿಸಬೇಕು, ಮಾಡಿನ ಮಳೆನೀರನ್ನು ಬಾವಿಯ ಬಳಿಯ ನೆಲಕ್ಕೆ ಇಂಗಿಸಬೇಕು. ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುವ ನಾಡಿಗೆ ಇದು ಅಸಾಧ್ಯವೇನಲ್ಲ.

ನಾಲಿಗೆ ನೀರಿನ ರುಚಿಯನ್ನು ಕ್ಷಣಮಾತ್ರ ನೋಡುತ್ತದೆ. ಹಂಡೆ ಹಗಲಿರುಳೂ ಅದರಲ್ಲೇ ನಿಂತಿರುತ್ತದೆ. ಬಾವಿ ಕೆಡುತ್ತಿರುವ ಸುದ್ದಿ ಹಂಡೆಗೆ ಮೊದಲು ತಲುಪುವುದು ಸಹಜ. ಆ ಹಂಡೆಯ ನೀರಲ್ಲಿ ಮೀಯುತ್ತೇವೆ, ಅದೇ ಬಾವಿಯ ನೀರನ್ನು ಮಕ್ಕಳಿಗೆ ಕುಡಿಸುತ್ತೇವೆ. ಹಂಡೆಯನ್ನು ಬದಲಿಸುವುದು ಒಂದು ಪೇಟೆಯ ಕೆಲಸ. ಬಾವಿಯನ್ನು ಬದಲಿಸಲು ಎಲ್ಲಿಗೆ ಹೋಗೋಣ?